ಹಂದಿ ಓಡಿಸುವ ಕೂಗನ್ನು ವಿರಹಗೀತೆ ಮಾಡಿದವರಿಗೆ

ರಾಕ್ ಸಂಗೀತಗಾರರಾದ ಶ್ರೀ ದುಂಡೇಶ ಅವರ ಸನ್ನಿಧಿಗೆ, ಜೊಯಿಡಾ ತಾಲೂಕಿನ ಅಂಗನವಾಡಿ ಕಾರ್ಯಕರ್ತೆ ಮಧುಮತಿ ಕೈಮುಗಿದು ಬರೆಯುವ ಬಹಿರಂಗ ಪತ್ರ.

ಮಾನ್ಯರೇ,

ದಾಂಡೇಲಿಯ ಬ್ಯಾಂಡ್ ಬಿಟ್ಟ ಮೇಲೆ ತಾವೊಬ್ಬರೇ ಹೊರತಂದಿರುವ ಎರಡನೆಯ ಆಲ್ಬಮ್ ಕೇಳಿ ಧನ್ಯಳಾದೆ. ಕಾರ್ಖಾನೆಯ ಭೋಂಗಾ, ಮುಂಡಗೋಡದ ಬೌದ್ಧ ಮಠದ ಉದ್ದನೆಯ ಕಹಳೆ, ಅನಮೋಡ ಘಾಟಿನ ಲಾರಿಗಳ ಹಾರ್ನ್, ಎಲ್ಲಕ್ಕೂ ಗಿಟಾರಿನ ಪಕ್ಕ ಜಾಗ ಕೊಟ್ಟಿದ್ದೀರಿ. ನಮ್ಮೂರಿನ ಬಸ್ಸಿನಲ್ಲೂ ಇಷ್ಟು ಜನಕ್ಕೆ ಜಾಗ ಸಿಗುವುದಿಲ್ಲ.

ಏಳನೆಯ ಹಾಡು ನನ್ನ ಅತ್ತೆ ಸಿದ್ದಕ್ಕನವರದು. ಕಳೆದ ವರ್ಷ ತಾವು ನಮ್ಮ ಗದ್ದೆಗೆ ಬಂದು, ಚಹಾ ಕುಡಿದು, ಅವರು ಗದ್ದೆ ಕಾಯುವ ಅಟ್ಟಣೆಯಾದ ಮಾಳದ ಮೇಲೆ ಕೂತು ಕೊಂಕಣಿಯಲ್ಲಿ ಹಾಕುವ ಕೂಗನ್ನು ಕಣ್ಣು ಮುಚ್ಚಿ ಕೇಳಿ ರೆಕಾರ್ಡ್ ಮಾಡಿಕೊಂಡಿರಿ. ಅದಕ್ಕೆ ಪಿಟೀಲು ಸೇರಿಸಿ ವಿರಹಗೀತೆ ಎಂದಿರಿ. ತಮ್ಮ ರಸಿಕತೆಗೆ ಶರಣು. ಆದರೆ ಅದು ಭತ್ತ ತಿನ್ನಲು ಬರುವ ಕಾಡುಹಂದಿಯನ್ನು ಓಡಿಸುವ ಕೂಗು, ಅದರ ತುಂಬ ಇರುವುದು ಹಂದಿಯ ವಂಶದ ಬಗ್ಗೆ ನಾನಿಲ್ಲಿ ಬರೆಯಲಾಗದ ಬೈಗುಳ. ಅರ್ಥ ಕೇಳಿದ್ದರೆ ಹೇಳುತ್ತಿದ್ದೆವು.

ಪಕ್ಕದ ರೆಸಾರ್ಟಿನವರು ದಿನವೂ ಸಂಜೆ ಈ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಮೊದಲೆಲ್ಲ ಅತ್ತೆಯ ಕೂಗಿನ ಹಿಂದೆಯೇ ಕವಣೆಯ ಕಲ್ಲು ಬರುತ್ತಿದ್ದುದರಿಂದ ಹಂದಿಗಳು ಆ ದನಿಗೆ ಅಂಜುತ್ತಿದ್ದವು. ತಮ್ಮ ಹಾಡಿನಲ್ಲಿ ಕೂಗಿನ ಹಿಂದೆ ಪಿಟೀಲು ಬರುತ್ತದೆ. ಎರಡು ತಿಂಗಳು ಕೇಳಿ ಕೇಳಿ ಅವುಗಳ ಭಯ ಹೋಯಿತು. ಈಗ ಅತ್ತೆ ಗಂಟಲು ಹರಿಯುವಂತೆ ಕೂಗಿದರೂ ತಲೆಯೆತ್ತುವುದಿಲ್ಲ. ಒಂದಕ್ಕೆ ಕಲ್ಲು ತಾಗಿದರೆ ಉಳಿದವು ಪಕ್ಕಕ್ಕೆ ಸರಿದು ಮೇಯುತ್ತವೆ. ನಮ್ಮ ವರ್ಷದ ಅನ್ನದಲ್ಲಿ ಅರ್ಧ ಹೋಯಿತು. ಮೂವತ್ತು ವರ್ಷ ಈ ಗದ್ದೆ ಕಾದ ಹೆಂಗಸು ಮೊನ್ನೆ “ನನ್ನ ದನಿಗೆ ಹಂದಿ ಸೈತ ಅಂಜವಲ್ಲವು ನೋಡವ್ವಾ, ಇನ್ನ ಮಾಳಾ ಹತ್ತಿ ಏನ್ ಮಾಡ್ಲಿ” ಎಂದು ಕೆಳಗಿಳಿದು ಕೂತರು. ಆ ಮಾತು ಕೇಳಿ ತಮ್ಮ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆದ್ದರಿಂದ ಹಂದಿಗಳು ಇದುವರೆಗೆ ಕೇಳಿದ ಹಾಡನ್ನು ತಾವು ದಯಮಾಡಿ ಅವುಗಳಿಂದ ವಾಪಸ್ ಪಡೆಯಬೇಕು. ಅದು ಕಷ್ಟವಾದರೆ ಪ್ರತಿ ಪಲ್ಲವಿಯ ಕೊನೆಗೆ ಸ್ಪೀಕರಿನಿಂದ ಒಂದೊಂದು ಕಲ್ಲು ಹೊರಬರುವ ವ್ಯವಸ್ಥೆಯಾಗಬೇಕು. ಅದೂ ಆಗದಿದ್ದರೆ ಕೊಯ್ಲು ಮುಗಿಯುವತನಕ ತಾವೇ ಬಂದು ಮಾಳ ಹತ್ತಬಹುದು. ಕದಲದೆ ಕೂತು ಕೇಳುವ ಇಂಥ ಶ್ರೋತೃಗಳು ತಮಗೆ ಬೇರೆಲ್ಲೂ ಸಿಗಲಾರರು.

ಉಳಿದರ್ಧ ಭತ್ತ ಇರುವತನಕ ತಮ್ಮ ವಿಶ್ವಾಸಿ,
ಮಧುಮತಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಒಂದು ಸಂತೋಷದ ಸುದ್ದಿ. ಅತ್ತೆ ಹೊಸ ಕೂಗು ಕಟ್ಟಿದ್ದಾರೆ, ನಿನ್ನೆಯಿಂದ ಹಂದಿಗಳು ಓಡುತ್ತಿವೆ. ಬೈಗುಳ ಹಳೆಯವೇ; ಹಂದಿ ಎಂದಿದ್ದಲ್ಲೆಲ್ಲ ತಮ್ಮ ಹೆಸರು ಸೇರಿಸಿಕೊಂಡಿದ್ದಾರೆ. ಮೂರನೆಯ ಆಲ್ಬಮ್ಮಿಗೆ ಬೇಕಿದ್ದರೆ ಅವಶ್ಯ ಬನ್ನಿ, ಈ ಸಲ ಅರ್ಥ ನಾನೇ ಕೂತು ಹೇಳುತ್ತೇನೆ.