ಚಾಕಿ ಮನೆಯ ಬಾಗಿಲು ಮತ್ತು ನನ್ನ ಎಡಗಾಲಿನ ಬೂಟು

"ಈ ಕೆಲಸದಲ್ಲಿ ಕಾಲಿಗೆ ಕೆಲಸಾನೇ ಇಲ್ಲ ರೀ. ಬರೀ ಕೈ, ಬಾಯಿ ಇದ್ರೆ ಸಾಕು!"

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ, ಕುಕ್ಕರಿನ ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ, ನನ್ನ ಗಂಡ ಗಂಗರಾಜುವಿನ ಸಮ್ಮುಖದಲ್ಲಿ ನಾನು ಈ ಘೋಷಣೆ ಹೊರಡಿಸಿದೆ. ಕೆಲಸ ಸಿಕ್ಕಿದ್ದು ಸಾದಲಿ ಕಡೆಯ ಒಂದು ಚಾಕಿ ಕೇಂದ್ರದಲ್ಲಿ. ರೇಷ್ಮೆ ಹುಳುವನ್ನು ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರದವರೆಗೆ ಎಳೆಗೂಸಿನ ಹಾಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಸೊಪ್ಪು ತಿನ್ನುವುದು ಬಿಟ್ಟು, ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಜಗಲಿಯ ಮೇಜಿನ ಮುಂದೆ ಕೂತು, "ನಿಮ್ಮ ಹುಳು ಜ್ವರಕ್ಕೆ ಕೂತಿದೆ, ಹುಳು ಮನೆ ತೊಳೆದು ಇಟ್ಕೊಳ್ಳಿ" ಎಂದು ರೈತರಿಗೆ ಫೋನ್ ಮಾಡಬೇಕು. ಇಷ್ಟೇ!

ಈಗ ನನ್ನ ಎಡಗಾಲಿನ ಪರಿಚಯ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ ಅದನ್ನು ಮಾವನ ಮನೆಗೆ ಬಂದ ಅಳಿಯನ ಹಾಗೆ ಮಾಡಿಟ್ಟಿದೆ. ಜೊತೆಗಿರುತ್ತದೆ, ಕೆಲಸ ಮಾಡುವುದಿಲ್ಲ. ಅದನ್ನು ನಿಲ್ಲಿಸಿಕೊಳ್ಳಲು ತೊಡೆಯಿಂದ ಪಾದದವರೆಗೆ ಎರಡು ಉಕ್ಕಿನ ಕಂಬಿ, ನಾಲ್ಕು ಚರ್ಮದ ಪಟ್ಟಿ, ತುದಿಗೆ ಅಂಟಿಕೊಂಡ ಒಂದು ಬೂಟು. ಎಲ್ಲಾ ಸೇರಿ ಕ್ಯಾಲಿಪರ್. ಬೂಟು ಬಿಚ್ಚಿದರೆ ಕಂಬಿ ಹೋಯಿತು, ಕಂಬಿ ಹೋದರೆ ಮೊಣಕಾಲು ಮಡಚಿತು, ಮೊಣಕಾಲು ಮಡಚಿದರೆ ಶಶಿಕಲಾ ಭೂತಾಯಿಗೆ ಸಾಷ್ಟಾಂಗ!

ಕೆಲಸಕ್ಕೆ ಕೇಳಲು ಹೋದಾಗ ಕೇಂದ್ರದ ಮಾಲೀಕರಾದ ರಾಮಚಂದ್ರಪ್ಪನವರು ನನ್ನ ಕಾಲು ನೋಡಿದರು, ತಕ್ಷಣ ಸಂಕೋಚದಿಂದ ಸೂರು ನೋಡಿದರು.

"ಇಲ್ಲಿ ನಿಮಗೆ ಏನಾದ್ರೂ ತೊಂದ್ರೆ ಆಗುತ್ತೇನಮ್ಮ?"

"ಏನೂ ಇಲ್ಲ ಸಾರ್!" ಎಂದೆ. ಪ್ರಶ್ನೆ ಮುಗಿಯುವ ಮೊದಲೇ ಎಂದೆ.

ಯಾಕೆಂದರೆ ಇದಕ್ಕೆ ಮುಂಚೆ ಚಿಂತಾಮಣಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ನನ್ನ ತರಗತಿಯನ್ನು ಮಹಡಿಯಿಂದ ಕೆಳಗೆ ಹಾಕಿ ಎಂದು ಒಂದೇ ಒಂದು ಸಲ ಕೇಳಿದ್ದೆ. ಬೇಸಿಗೆ ರಜೆ ಮುಗಿಸಿ ಹೋದರೆ, ನನ್ನ ಜಾಗದಲ್ಲಿ ಬೇರೊಬ್ಬರು ಆರಾಮಾಗಿ ಮೆಟ್ಟಿಲು ಹತ್ತುತ್ತಿದ್ದರು. ಆಮೇಲೆ ಎರಡು ವರ್ಷ ಮನೆಯಲ್ಲಿ ಕೂತೆ. ಅಲ್ಲಿಂದೀಚೆಗೆ ಯಾರ ಹತ್ತಿರವಾದರೂ ಏನನ್ನಾದರೂ ಕೇಳಬೇಕೆಂದರೆ ನನ್ನ ನಾಲಿಗೆ ತಾನಾಗಿ "ಏನೂ ಬೇಡ" ಎಂದುಬಿಡುತ್ತದೆ. ಈ ಕೆಲಸವೂ ಹೋದರೆ ಎಂಬ ಭಯ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಿತ್ತು.

ಒಂದು ತಿಂಗಳು ಎಲ್ಲವೂ ಸುಸೂತ್ರ. ಹುಳು ಸಾಕುವ ಕೋಣೆಗೆ ನಾವೆಲ್ಲ ಚಾಕಿ ಮನೆ ಎನ್ನುತ್ತಿದ್ದೆವು. ಅದರ ಒಡತಿ ವೆಂಕಟಲಕ್ಷ್ಮಮ್ಮ. ಆ ಬಾಗಿಲಿನಲ್ಲಿ ಬ್ಲೀಚಿಂಗ್ ಪೌಡರ್ ನೀರು ತುಂಬಿದ ಒಂದು ತಟ್ಟೆ, ಅದರ ಮೇಲೊಂದು ಬೋರ್ಡು: "ಚಪ್ಪಲಿ, ಬೂಟು ಕಡ್ಡಾಯವಾಗಿ ಹೊರಗೆ ಬಿಡಿ." ಹೊರಗಿನ ಸೋಂಕು ಒಳಗೆ ಹೋದರೆ ಎಳೆ ಹುಳು ಉಳಿಯುವುದಿಲ್ಲ.

"ತಹಶೀಲ್ದಾರ್ರು ಬಂದ್ರೂ ಬೂಟು ಬಿಚ್ಚಲೇಬೇಕು ಕಣಮ್ಮ," ಎಂದು ವೆಂಕಟಲಕ್ಷ್ಮಮ್ಮ ಹೇಳಿದಾಗ ನಾನು ಜೋರಾಗಿ ತಲೆಯಾಡಿಸಿದ್ದೆ. ನನಗೇನು, ನಾನು ಒಳಗೆ ಹೋಗುವವಳೇ ಅಲ್ಲವಲ್ಲ!

ಜನವರಿಯ ಒಂದು ಸೋಮವಾರ ಸಂಜೆ ವೆಂಕಟಲಕ್ಷ್ಮಮ್ಮ ಮಗಳ ಬಾಣಂತನಕ್ಕೆಂದು ಕೈವಾರಕ್ಕೆ ಹೊರಟರು. ರಾಮಚಂದ್ರಪ್ಪನವರು ನನ್ನ ಮೇಜಿನ ಹತ್ತಿರ ಬಂದರು.

"ನಾಳೆಯಿಂದ ಒಂದ್ನಾಲ್ಕು ದಿನ ಗಂಟೆಗೊಂದ್ಸಲ ಒಳಗೆ ಹೋಗಿ ಥರ್ಮಾಮೀಟರ್ ನೋಡಿ ಬರ್ಕೊಳ್ಳಿ. ಸೊಪ್ಪು ಹಾಕೋರು ಬೆಳಿಗ್ಗೆ, ಸಂಜೆ ಬರ್ತಾರೆ. ಆಗುತ್ತಲ್ಲಮ್ಮ?"

"ಆಗುತ್ತೆ ಸಾರ್!" ಎಂದಿತು ನನ್ನ ಬಾಯಿ. ಕಾಲನ್ನು ಒಂದು ಮಾತೂ ಕೇಳಲಿಲ್ಲ.

ಮನೆಗೆ ಬಂದವಳು ಅನ್ನ ಬಡಿಸುತ್ತಾ ಗಂಡನಿಗೆ ವಿಷಯ ಹೇಳಿದೆ.

"ಬೂಟು ಬಿಚ್ಚಕ್ಕಾಗಲ್ಲ ಅಂತ ಹೇಳ್ಬಿಡೇ," ಎಂದರು ಗಂಗರಾಜು.

"ಹೇಳಿದ್ರೆ? ಹಾಗಾದ್ರೆ ಮನೇಲಿರಮ್ಮ ಅಂದ್ರೆ?"

"ಅನ್ನಲ್ಲ ಕಣೇ."

"ಚಿಂತಾಮಣೀಲೂ ನೀವು ಹಿಂಗೇ ಅಂದಿದ್ರಿ!"

ಅವರು ಸಾರು ಕಲಸಿಕೊಂಡು, ವಾತಾವರಣ ತಿಳಿ ಮಾಡಲೆಂದು ಹೇಳಿದರು: "ಮದುವೆ ಮನೇಲಿ ಎದುರು ಪಂಕ್ತಿ ಎಲೇಲಿ ಏನೇನು ಬಡಿಸವ್ರೆ ಅಂತ ಫೋನಲ್ಲಿ ಜೂಮ್ ಮಾಡಿ ನೋಡ್ತೀಯಲ್ಲ, ಹಂಗೇ ಬಾಗ್ಲಲ್ಲೇ ನಿಂತು ಥರ್ಮಾಮೀಟರ್ ನೋಡು."

ಅವರು ಹೇಳಿದ್ದು ತಮಾಷೆಗೆ. ನಾನು ಕೇಳಿಸಿಕೊಂಡದ್ದು ದೇವರ ಅಪ್ಪಣೆಯ ಹಾಗೆ!

ಮಂಗಳವಾರ ಬೆಳಿಗ್ಗೆ ಚಾಕಿ ಮನೆಯ ಬಾಗಿಲು ತೆರೆದು, ಹೊಸ್ತಿಲಿನ ಈಚೆಗೇ ನಿಂತು, ಎದುರು ಗೋಡೆಯ ಥರ್ಮಾಮೀಟರಿಗೆ ಫೋನ್ ಹಿಡಿದೆ. ಜೂಮ್ ಮಾಡಿದೆ. ಇಪ್ಪತ್ತೇಳು! ಇರಬೇಕಾದಷ್ಟೇ ಇತ್ತು. ವಿಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಬೂಟು ಬಿಚ್ಚಲಿಲ್ಲ, ನಿಯಮ ಮುರಿಯಲಿಲ್ಲ, ಯಾರನ್ನೂ ಕೇಳಲಿಲ್ಲ. ನನ್ನಂಥ ಜಾಣೆಯನ್ನು ಆ ಶಾಲೆಯವರು ಕಳೆದುಕೊಂಡರಲ್ಲ ಎಂದು ಅವರ ಬಗ್ಗೆ ಮರುಕ ಕೂಡ ಪಟ್ಟೆ.

ಬುಧವಾರ ಚಳಿ ಜೋರಾಯಿತು. ಬಾಗಿಲು ತೆರೆದು ಫೋನ್ ಹಿಡಿದರೆ ಒಳಗಿನ ಹಬೆ ಬಂದು ಕ್ಯಾಮೆರಾ ಮಂಜಾಯಿತು. ಸೆರಗಿನಿಂದ ಒರೆಸಿದೆ, ಮತ್ತೆ ಮಂಜು. ಊದಿದೆ, ಇನ್ನಷ್ಟು ಮಂಜು! ಹತ್ತು ನಿಮಿಷ ಬಾಗಿಲು ತೆಗೆದಿಟ್ಟುಕೊಂಡು ಹೆಣಗಿದರೂ ಥರ್ಮಾಮೀಟರು ನಂದಿ ಬೆಟ್ಟದ ಮುಂಜಾವಿನಂತೆ ಕಾಣುತ್ತಿತ್ತು. ಕೊನೆಗೆ ನಿನ್ನೆ ಇದ್ದದ್ದು ಇವತ್ತು ಎಲ್ಲಿಗೆ ಹೋಗುತ್ತದೆ ಎಂದುಕೊಂಡು "ಇಪ್ಪತ್ತೇಳು" ಎಂದು ಬರೆದೆ.

ಒಂದು ಸಲ ಬರೆದ ಕೈಗೆ ಎರಡನೇ ಸಲ ಬರೆಯುವುದು ಸುಲಭ. ಹತ್ತು ಗಂಟೆಗೆ ಇಪ್ಪತ್ತೇಳು, ಹನ್ನೊಂದಕ್ಕೆ ಇಪ್ಪತ್ತೇಳು, ಮಧ್ಯಾಹ್ನಕ್ಕೂ ಇಪ್ಪತ್ತೇಳು. ಆದರೂ ಪ್ರಾಮಾಣಿಕ ಪ್ರಯತ್ನ ಬಿಡಬಾರದೆಂದು ಗಂಟೆಗೊಮ್ಮೆ ಬಾಗಿಲು ತೆರೆದು ಹತ್ತು ನಿಮಿಷ ಜೂಮ್ ಮಾಡುತ್ತಲೇ ಇದ್ದೆ. ಸಂಜೆ ಲೆಕ್ಕ ಕೇಳಲು ರಾಮಚಂದ್ರಪ್ಪನವರ ಫೋನ್ ಬಂತು. ಬರೆದದ್ದನ್ನು ಓದಿ ಹೇಳಿದೆ.

"ಏನಮ್ಮ, ದಿನವಿಡೀ ಒಂದೇ ಸಮ ಇದೆ?"

"ಭಾರಿ ಸ್ಥಿರವಾಗಿದೆ ಸಾರ್!"

ಫೋನ್ ಇಟ್ಟ ಮೇಲೆ ನೆನಪಾಯಿತು, ಒಳಗಿರುವುದು ಊರೂರಿನ ರೈತರ ಹುಳು. ನನ್ನ ಸುಳ್ಳಿಗೆ ಅವಕ್ಕೆ ಏನಾದರೂ ಆದರೆ? ಆ ಯೋಚನೆ ಬಂದದ್ದೇ ಊಟ ಸೇರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹುಳು ಹೋಗುತ್ತದೆ. ಎರಡು ಭಯ ಸೇರಿ ನನ್ನನ್ನು ರುಬ್ಬುಗುಂಡಿನ ಕೆಳಗಿನ ಉದ್ದಿನಬೇಳೆ ಮಾಡಿದವು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಫೋನ್. "ನಾರಾಯಣಮ್ಮನ ಹುಳು ಇವತ್ತು ಎರಡನೇ ಜ್ವರಕ್ಕೆ ಕೂತಿರಬೇಕು. ಅವರನ್ನ ಕರ್ಕೊಂಡು ಬರ್ತಾ ಇದೀನಿ. ಹತ್ತು ಗಂಟೆಗೆ ಅಲ್ಲಿರ್ತೀವಿ."

ಇನ್ನು ಒಂದು ಗಂಟೆ! ಕಣ್ಣಾರೆ ನೋಡಿ ನಿಜ ಬರೆಯಲೇಬೇಕೆಂದು ತೀರ್ಮಾನಿಸಿದೆ. ಸೊಪ್ಪಿನವರು ಬಂದು ಹೋಗಿಯಾಗಿತ್ತು. ಬಾಗಿಲಿನಲ್ಲಿ ಕೂತು ಪಟ್ಟಿ ಬಿಚ್ಚಿ, ಕ್ಯಾಲಿಪರನ್ನು ಗೋಡೆಗೆ ಒರಗಿಸಿ, ಎರಡೂ ಪಾದಗಳನ್ನು ಬ್ಲೀಚಿಂಗ್ ನೀರಿಗೆ ಅದ್ದಿದೆ. ಎಡಗೈಯನ್ನು ಎಡದೊಡೆಗೆ ಒತ್ತಿ ಹಿಡಿದರೆ ಮೊಣಕಾಲು ಸ್ವಲ್ಪ ಹೊತ್ತು ಮಾತು ಕೇಳುತ್ತದೆ. ಬಲಗೈ ಗೋಡೆಗೆ. ಮನೆಯಲ್ಲಿ ಅಡುಗೆಮನೆ ಕಟ್ಟೆಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಬೀರುವಿಗೆ ನಾನು ಹೀಗೇ ಸಂಚರಿಸುವುದು. ಆದರೆ ಇಲ್ಲಿ ಹಿಡಿದುಕೊಳ್ಳಲು ಫ್ರಿಜ್ಜಿರಲಿಲ್ಲ. ಆಳೆತ್ತರಕ್ಕೆ ಒಂದರ ಮೇಲೊಂದು ಪೇರಿಸಿದ ಹುಳುವಿನ ಟ್ರೇಗಳ ಸ್ಟ್ಯಾಂಡುಗಳಿದ್ದವು. ಹತ್ತಿರದ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸ್ಟ್ಯಾಂಡು ಹೊರಟಿತು.

ಅದರ ಕೆಳಗೆ ಚಕ್ರಗಳಿದ್ದವು! ನಾನು ಅದರ ಹಿಂದೆ, ಬಲಗಾಲಿನಲ್ಲಿ ಕುಪ್ಪಳಿಸುತ್ತಾ, ನೆನಪಾದ ದೇವರನ್ನೆಲ್ಲ ಕೂಗುತ್ತಾ ಸಾಗಿದೆ. ಬಿಟ್ಟರೆ ನಾನು ಬೀಳುತ್ತೇನೆ, ಎಳೆದರೆ ಟ್ರೇ ಬೀಳುತ್ತದೆ, ಸುಮ್ಮನೆ ಹಿಡಿದರೆ ಮೆರವಣಿಗೆ ಮುಂದುವರಿಯುತ್ತದೆ. ಹೋಗುವ ದಾರಿಯಲ್ಲೇ ಥರ್ಮಾಮೀಟರು ಸಿಕ್ಕಿತು. ಇಪ್ಪತ್ತೆರಡು!

ಹೀಟರು ಉರಿಯುತ್ತಿತ್ತು. ಮತ್ತೆ ಯಾಕೆ ಹೀಗೆ ತಣ್ಣಗಾಗಿದೆ ಎಂದು ಯೋಚಿಸಿದಾಗ ಉತ್ತರ ಹೊಳೆಯಿತು. ಎರಡು ದಿನದಿಂದ ಗಂಟೆಗೊಮ್ಮೆ ಬಾಗಿಲು ತೆಗೆದು ಜನವರಿಯ ಚಳಿಯನ್ನು ಒಳಗೆ ಕಳಿಸುತ್ತಿದ್ದವಳು ನಾನೇ! ಈ ಜ್ಞಾನೋದಯವಾಗುವ ಹೊತ್ತಿಗೆ ಸ್ಟ್ಯಾಂಡು ಮೂಲೆಗೆ ಹೋಗಿ ನಿಂತಿತ್ತು. ನಾನೂ ಅಲ್ಲೇ ಸಿಕ್ಕಿಹಾಕಿಕೊಂಡು, ಟ್ರೇಗಳನ್ನು ತಬ್ಬಿಕೊಂಡು, ಒಂಟಿಕಾಲಿನ ಮೇಲೆ ತಪಸ್ಸಿಗೆ ನಿಂತೆ. ಕಾಲು ನಡುಗಲು ಶುರುವಾಯಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹೊರಗೆ ಮಾತು ಕೇಳಿಸಿತು.

"ಅಯ್ಯೋ ದೇವುಡಾ! ಸಾಮೀ, ಕಾಲು ಇಲ್ಲೇ ಐತೆ, ಮನುಷ್ಯೋಳೆಲ್ಲಿ?" ಅದು ನಾರಾಯಣಮ್ಮನ ದನಿ. ನಾನು ಫೋನಿನಲ್ಲಿ ಮಾತ್ರ ಕೇಳಿದ್ದ ದನಿ.

ಬಾಗಿಲ ಗಾಜಿನಲ್ಲಿ ರಾಮಚಂದ್ರಪ್ಪನವರ ಮುಖ ಮೂಡಿತು. "ಶಶಿಕಲಮ್ಮಾ! ಆ ಸ್ಟ್ಯಾಂಡು ಯಾಕೆ ಮೂಲೆಗೆ ತಗೊಂಡೋದ್ರಿ?"

"ನಾನು ತಗೊಂಡು ಬರಲಿಲ್ಲ ಸಾರ್. ಅದೇ ನನ್ನ ಕರ್ಕೊಂಡು ಬಂತು!"

ಅವರು ಬಾಗಿಲು ತೆರೆದು, ಕಾಲಿನಲ್ಲಿದ್ದ ಗಮ್‌ಬೂಟುಗಳನ್ನು ಒಂದೊಂದಾಗಿ ಬ್ಲೀಚಿಂಗ್ ನೀರಿಗೆ ಅದ್ದಿ, ಹಾಗೇ ಒಳಗೆ ಬಂದರು. ಬೀಳುವ ಸ್ಥಿತಿಯಲ್ಲೂ ನನ್ನ ಕಣ್ಣು ಅಲ್ಲೇ ನೆಟ್ಟಿತು.

"ಸಾರ್, ಬೂಟು!"

"ಹೂಂ, ಬೂಟೇ. ಅದ್ದಿದೆನಲ್ಲ?"

"ಮತ್ತೆ ಆ ಬೋರ್ಡು?"

"ಜನ ತೋಟದ ಮಣ್ಣು ಮೆಟ್ಕೊಂಡು ಬರ್ತಾರೆ ಅಂತ ಹಾಕ್ಸಿದ್ದು ಕಣಮ್ಮ. ನಿಮ್ಮ ಬೂಟಿಗೆ ಒಂದು ರಬ್ಬರ್ ಕವರ್ ಹಾಕಿ ಅದ್ದಿದ್ರೆ ಮುಗೀತಿತ್ತು. ಒಂದ್ಮಾತು ಕೇಳಬಾರದಾಗಿತ್ತಾ?"

ನಾರಾಯಣಮ್ಮ ಚಪ್ಪಲಿ ಬಿಟ್ಟು, ಪಾದ ಅದ್ದಿ ಬಂದು, ನನ್ನ ಸೊಂಟಕ್ಕೆ ಕೈ ಹಾಕಿ ಮೂಟೆ ಎತ್ತುವ ಹಾಗೆ ಎತ್ತಿ ಹೊರಗೆ ತಂದು ಕೂರಿಸಿದರು. ಅಷ್ಟರಲ್ಲಿ ರಾಮಚಂದ್ರಪ್ಪನವರು ಥರ್ಮಾಮೀಟರು ನೋಡಿ, ಆಮೇಲೆ ನಾನು ಬರೆದಿಟ್ಟ ಇಪ್ಪತ್ತೇಳುಗಳ ಸಾಲು ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಜೂಮು, ಮಂಜು, ಸುಳ್ಳು, ಚಿಂತಾಮಣಿ.

ಅವರು ಒಂದು ಟ್ರೇ ಎಳೆದು ನೋಡಿದರು. ಹುಳುಗಳು ಜ್ವರಕ್ಕೆ ಕೂರದೆ, ಚಳಿಗೆ ಸೋಮಾರಿಯಾಗಿ ಇನ್ನೂ ಸೊಪ್ಪಿನ ಮೇಲೇ ಹರಿದಾಡುತ್ತಿದ್ದವು.

"ಸತ್ತಿಲ್ಲ. ಒಂದಿನ ತಡ ಆಗುತ್ತೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬೂಟು ಬಿಚ್ಚಕ್ಕಾಗಲ್ಲ ಅನ್ನೋದು ತಪ್ಪಲ್ಲ. ಸುಳ್ಳು ಬರ್ದಿದ್ದು ತಪ್ಪು. ನಂಗೆ ತುಂಬಾ ಕೋಪ ಬಂದಿದೆ." ಮೇಜಿನಿಂದ ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟರು. "ಬರೀರಿ."

ರಾಜೀನಾಮೆ! "ಮಾನ್ಯರೇ" ಎಂದು ಶುರು ಮಾಡಿದೆ.

"ಮಾನ್ಯರೇ ಯಾಕಮ್ಮ? ನಿಮಗೆ ಇಲ್ಲಿ ಏನೇನು ಕಷ್ಟ ಇದೆ, ಎಲ್ಲಾ ಬರೀರಿ. ಒಂದೂ ಬಿಡಬೇಡಿ. ಇನ್ನೊಂದ್ಸಲ ಹಿಂಗಾಗಬಾರದು."

ನನ್ನ ಜೀವನದಲ್ಲಿ ಯಾರೂ ಕೊಡದ ಪ್ರಶ್ನೆಪತ್ರಿಕೆ ಅದು. ಪೆನ್ನು ತೆಗೆದು ಬರೆದೆ. ಬೂಟು. ಚಕ್ರಕ್ಕೆ ತಡೆ ಇಲ್ಲದ ಸ್ಟ್ಯಾಂಡು. ಜಗಲಿಗೆ ಹತ್ತಲು ಹಿಡಿ ಇಲ್ಲದ ಮೆಟ್ಟಿಲು. ನಾಲ್ಕನೆಯದನ್ನು ಬರೆಯಲು ನಾಚಿಕೆಯಾಯಿತು, ಆದರೂ ಬರೆದೆ. ಇಲ್ಲಿನ ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ನನಗೆ ಕೂರಲಾಗುವುದಿಲ್ಲ. ಆದ್ದರಿಂದ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ನಾನು ನೀರು ಕುಡಿಯುವುದಿಲ್ಲ.

ರಾಮಚಂದ್ರಪ್ಪನವರು ಓದುತ್ತಾ ನಾಲ್ಕನೆಯದಕ್ಕೆ ನಿಂತರು. ಮತ್ತೆ ಓದಿದರು. ಹಾಳೆಯಲ್ಲಿರುವುದನ್ನು ಮೆಲ್ಲಗೆ ನಾರಾಯಣಮ್ಮನಿಗೂ ಹೇಳಿದರು.

"ಒಂದು ತಿಂಗಳಿಂದಾನಾ?" ನಾರಾಯಣಮ್ಮ ನನ್ನ ಗಲ್ಲ ಹಿಡಿದು ಎತ್ತಿದರು. "ಕೋಣೇಲಿ ತೇವ ಕಮ್ಮಿ ಆದ್ರೆ ಹುಳ ಸೊರಗುತ್ತೆ ಅಂತ ದಿನಾ ಫೋನ್ ಮಾಡಿ ನಂಗೆ ಬುದ್ಧಿ ಹೇಳೋಳು ನೀನೇ ಅಲ್ವೇನಮ್ಮ? ನೀನು ಆ ಹುಳಕ್ಕಿಂತ ಕಡೆಯಾ?"

ನನಗೆ ಅಳು ಬಂತು. ತಡೆಯಲಿಲ್ಲ. ರಾಮಚಂದ್ರಪ್ಪನವರು ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋಗಿ, ಚಿಕ್ಕಬಳ್ಳಾಪುರದ ಅಂಗಡಿಯೊಂದಕ್ಕೆ ಕಮೋಡ್ ಕುರ್ಚಿ ಬೇಕೆಂದು ಹೇಳುತ್ತಿದ್ದದ್ದು ಕೇಳಿಸಿತು. ಕೆಲಸ ಉಳಿದಿತ್ತು! ಅಷ್ಟು ವರ್ಷದ ಭಯ ಒಂದೇ ಸಲಕ್ಕೆ ಹೆಗಲಿನಿಂದ ಇಳಿದು, ಅದರ ಜಾಗದಲ್ಲಿ ಭಯಂಕರ ಬಾಯಾರಿಕೆ ಬಂದು ಕೂತಿತು. ನಾರಾಯಣಮ್ಮ ತಂಬಿಗೆ ತಂದು ಕೊಟ್ಟರು. ಒಂದು ಲೋಟ ಕುಡಿದೆ. ಎರಡು ಕುಡಿದೆ. ಸ್ವಾತಂತ್ರ್ಯ ಬಂದ ಖುಷಿಯಲ್ಲಿ ಮೂರನೆಯದನ್ನೂ ಗಟಗಟನೆ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ವೀರವನಿತೆಯಂತೆ ಕೂತೆ.

ಅಷ್ಟರಲ್ಲಿ ರಾಮಚಂದ್ರಪ್ಪನವರು ನಗುತ್ತಾ ಒಳಗೆ ಬಂದರು.

"ಆಯ್ತಮ್ಮ, ಕುರ್ಚಿ ಹೇಳಿದೀನಿ. ಸೋಮವಾರ ತಪ್ಪದೆ ಕಳಿಸ್ತಾನಂತೆ."

ಅವತ್ತು ಗುರುವಾರ. ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಬಸ್ಸು ಸಂಜೆ ಐದೂವರೆಗೆ!