ಚಿಗವ್ವ, ಎಐ ಮತ್ತು ಒಡಪು

ನಮ್ಮ ಚಿಗವ್ವನಿಗೆ, ಅಂದರೆ ಚಿಕ್ಕಮ್ಮನಿಗೆ, ಹೆದರದ ಜೀವ ಇಡೀ ಬೈಲಹೊಂಗಲದಲ್ಲಿಲ್ಲ. ಜೀವವಿದ್ದವರ ಮಾತು ಬಿಡಿ, ಜೀವವೇ ಇಲ್ಲದ ಎಐ ಕೂಡ ದಿನಬೆಳಗಾದರೆ ಅವಳ ಕ್ಷಮೆ ಕೇಳುತ್ತದೆ!

ಚಿಗವ್ವ ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಮೊಬೈಲನ್ನು ನೂಲಿನುಂಡೆಗೆ ಆನಿಸಿ ನಿಲ್ಲಿಸಿ, ಕೂಲಿಯಾಳಿಗೆ ಹೇಳಿದಂತೆ ಅದಕ್ಕೆ ಕೆಲಸ ಹೇಳುತ್ತಾಳೆ. ಒಮ್ಮೆ ಹೊಸ ನಮೂನೆಯ ಕುಪ್ಪಸದ ಚಿತ್ರ ಕೇಳಿದಳು. ಕೊರಳು ಬಲು ಚೆಂದ ಬಂತು, ತೋಳು ಮಾತ್ರ ಮೂರು!

"ಎಪ್ಪಾ, ದೇವಿಗೂ ತೋಳು ಜೋಡೀಲೆ ಇರತಾವು! ಇದನ್ನ ಯಾರ ಮೈಗೆ ಹೊಲೀಲಿ?"

ಅದು ಕ್ಷಮೆ ಕೇಳಿತು. ಚಿಗವ್ವ ಮೂರನೆಯ ತೋಳು ಬಿಟ್ಟು, ಅದೇ ಕೊರಳಿನ ಕುಪ್ಪಸ ಹೊಲಿದಳು. ಈಗ ಓಣಿಯ ಹೆಂಗಸರ ಮೈಮೇಲೆಲ್ಲ ಅದೇ ಕುಪ್ಪಸ!

ಮುಂದೆ, ತಡವಾದ ಕುಪ್ಪಸಗಳಿಗೆ ಸಬೂಬು ಬರೆಯುವ ಕೆಲಸವೂ ಎಐ ಪಾಲಿಗೇ ಬಂತು. "ಮಾನ್ಯ ಗ್ರಾಹಕರೇ, ವಿಳಂಬಕ್ಕೆ ವಿಷಾದಿಸುತ್ತೇವೆ" ಎಂದು ಅದು ಬರೆದುಕೊಟ್ಟದ್ದನ್ನು ಇವಳು ಹಾಗೆಯೇ ಕಳಿಸಿದಳು. ಎದುರುಮನೆಯಾಕೆ ಏದುಸಿರು ಬಿಡುತ್ತ ಓಡಿಬಂದಳು.

"ಅಕ್ಕಾರ, ಬ್ಯಾಂಕಿನವರು ನನ್ನ ಕುಪ್ಪಸಾನೂ ಜಪ್ತಿ ಮಾಡ್ಯಾರೇನ್ರಿ?"

ಅಂದಿನಿಂದ ಎಐಗೆ ನಮ್ಮ ಭಾಷೆ ಕಲಿಸುವ ಸಾಲೆ ಶುರುವಾಯಿತು. ಮಾಸ್ತರು ಯಾರೆಂದು ಬೇರೆ ಹೇಳಬೇಕೆ?

ಅಷ್ಟರಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳದಿದ್ದರೆ ಹೆಂಗಸರು ಬಿಡುತ್ತಾರೆಯೇ? ತಂಗಿಗೆ ಒಂದೂ ಬಾರದು. ಚಿಗವ್ವ ಮೊಬೈಲು ಹಿಡಿದಳು. ಎಐ "ಓ ನನ್ನ ಪ್ರಿಯತಮ" ಎಂದು ಶುರುಮಾಡಿತು.

"ಪ್ರಿಯತಮ ಅಂದ್ರ ಅವರತ್ತಿ ಲಟ್ಟಣಿಗಿ ತಗೋತಾಳ! ರೊಟ್ಟಿ ಹಾಕು, ಬೆಣ್ಣಿ ಹಾಕು, ಆಮ್ಯಾಲ ಗಂಡನ್ನ ಹಾಕು!"

ಬೈಸಿಕೊಂಡು ಬೈಸಿಕೊಂಡು ಅದು ಎಷ್ಟು ಪಳಗಿತೆಂದರೆ, ಬೀಗರ ಊರಾದ ಮನೋಳಿಯ ಮದುವೆ ಮನೆಯಲ್ಲಿ ತಂಗಿಯಷ್ಟೇ ಅಲ್ಲ, ಹೊಸದಾಗಿ ಮದುವೆಯಾದ ಹುಡುಗಿಯರೆಲ್ಲ ಚಿಗವ್ವನ ಮುಂದೆ ಸಾಲು ಹಚ್ಚಿದರು. ಒಬ್ಬೊಬ್ಬಳಿಗೂ ಗಂಡನ ಹೆಸರಿಗೆ ತಕ್ಕ ಒಡಪು. ಚಪ್ಪರವೆಲ್ಲ ನಗೆಯೋ ನಗೆ!

ಆಗ ತಂಗಿ ಅಂದಳು: "ಚಿಗವ್ವಾ, ಈಗ ನೀ ಹೇಳು."

ನಗೆ ನಿಂತಿತು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಯಾವ ಮದುವೆಯಲ್ಲೂ ಚಿಗವ್ವನನ್ನು ಯಾರೂ ಒಡಪು ಕೇಳಿರಲಿಲ್ಲ. ಗಂಡನಿಲ್ಲದವರನ್ನು ಕೇಳುವ ಪದ್ಧತಿಯಿಲ್ಲ. ಹಿರಿಯರು ನೆಲ ನೋಡಿದರು. ತಂಗಿ ಮಾತ್ರ ಅವಳ ಕೈ ಬಿಡಲಿಲ್ಲ.

"ಫೋನ್ ಕೊಡ್ಲೇನ್ರಿ?" ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು.

"ಬ್ಯಾಡವಾ. ಅದಕ್ಕ ಅವರ ಗುರ್ತ ಇಲ್ಲ."

ಚಿಗವ್ವ ಸೆರಗು ಸರಿಮಾಡಿಕೊಂಡಳು. ನನಗೆ ತಿಳಿದಂತೆ ಜೀವನದಲ್ಲಿ ಮೊದಲ ಸಲ ಅವಳ ದನಿ ಸಣ್ಣದಾಗಿತ್ತು.

"ಹೊಲದಾಗ ತೂಗ್ಯಾಡತೈತಿ ಬಿಳಿಜ್ವಾಳದ ತೆನಿ,
ಶಿವಪ್ಪನವರ ಹೆಸರ ಹೇಳಿದರ ತುಂಬತೈತಿ ನನ್ನ ಮನಿ."

ಮೂಲೆಯಲ್ಲಿ ಕುಳಿತಿದ್ದ, ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಕಣ್ಣೊರೆಸಿಕೊಂಡು ಅಂದಳು:

"ಇನ್ನೊಂದ ಹೇಳವಾ."