ಚಲುವಯ್ಯನವರ ಪಟದ ಪಾಳಿ

ಹಿರಿಯರ ಹಬ್ಬಕ್ಕೆ ಇನ್ನೊಂದೇ ದಿನ. ಸಂಜೆ ಆರು ಗಂಟೆಯೊಳಗೆ ಮಹೇಂದ್ರ ತನ್ನ ಅಪ್ಪನನ್ನು ಪಕ್ಕದ ಮನೆಯ ತಮ್ಮನಿಗೆ ಒಪ್ಪಿಸಬೇಕಾಗಿತ್ತು. ಅಪ್ಪ ಅಂದರೆ ಅಪ್ಪನ ಪಟ. ಚಲುವಯ್ಯನವರು ತೀರಿಕೊಂಡು ಇಪ್ಪತ್ತು ವರ್ಷ. ಇದ್ದಾಗ ಒಂದೇ ಒಂದು ಸಲ, ಅದೂ ಯಾರದೋ ಬಲವಂತಕ್ಕೆ, ಕ್ಯಾಮೆರಾ ಮುಂದೆ ಕೂತವರು. ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ಭಾಗವಾದಾಗ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆ, ಎಮ್ಮೆ, ಒರಳುಕಲ್ಲು ಎಲ್ಲವನ್ನೂ ಹಂಚಿದ ಪಂಚಾಯ್ತಿದಾರರು ಪಟದ ಹತ್ತಿರ ಬಂದು ಸೋತರು. ಒಂದು ವರ್ಷ ಅಣ್ಣ ಮಹೇಂದ್ರನ ಗೋಡೆ, ಇನ್ನೊಂದು ವರ್ಷ ತಮ್ಮ ಶರತ್‌ನ ಗೋಡೆ, ಹಬ್ಬದ ಹಿಂದಿನ ದಿನ ಕೈಬದಲು ಎಂದು ತೀರ್ಮಾನ ಹೇಳಿ ಕಾಫಿ ಕುಡಿದು ಎದ್ದರು.

ಪಟ ಇಲ್ಲದ ವರ್ಷ ಮಹೇಂದ್ರ ಮೊಳೆಗೆ ಕೈಮುಗಿಯಬೇಕಿತ್ತು. ಎಲೆ ತುಂಬ ಎಡೆ ಬಡಿಸಿ, ಹೊಸ ಪಂಚೆ ಮಡಿಸಿಟ್ಟು, ಎದುರಿಗೆ ಬರೀ ಗೋಡೆ ಕಂಡಾಗ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಅಪ್ಪನ ಮುಖ ಎಲ್ಲಿ ಮರೆತುಹೋಗುತ್ತದೋ ಎಂಬ ಭಯ ಬೇರೆ. ಅದಕ್ಕೇ ಈ ಸಲ ಒಂದು ಉಪಾಯ ಹೂಡಿದ್ದ. ಹುಣಸೂರಿಗೆ ಹೋಗಿ ಪಟಕ್ಕೊಂದು ಕಾಪಿ ತೆಗೆಸುವುದು. ಕಾಪಿಯನ್ನು ಹಳೇ ಚೌಕಟ್ಟಿಗೆ ಹಾಕಿ ಶರತ್‌ಗೆ ಒಪ್ಪಿಸುವುದು, ಅಸಲನ್ನು ಹೊಸ ಕಟ್ಟಿನಲ್ಲಿ ತಾನೇ ಇಟ್ಟುಕೊಳ್ಳುವುದು. ತಮ್ಮನಿಗೆ ಹೇಳಿಯೇ ಕಾಪಿ ತೆಗೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದ್ದರೆ ಅಸಲು ಯಾರಿಗೆ ಎಂಬ ಪ್ರಶ್ನೆ ಏಳುತ್ತಿತ್ತು.

ಪಿರಿಯಾಪಟ್ಟಣ ಹತ್ತಿರವಿತ್ತು, ನಿಜ. ಆದರೆ ಶರತ್ ಇಡೀ ದಿನ ಅಲ್ಲಿನ ತಂಬಾಕು ಮಾರುಕಟ್ಟೆಯಲ್ಲೇ ಬಿದ್ದಿರುತ್ತಿದ್ದ. ಹೆಂಡತಿ ಅನುಶ್ರೀ ಪಟವನ್ನು ದಪ್ಪ ಟವಲಿನಲ್ಲಿ ಸುತ್ತಿ ಕೊಟ್ಟು, ಮಾವನವರ ಮುಖ ಮಾತ್ರ ಎಲ್ಲೂ ಕೆಳಕ್ಕೆ ಮಾಡಬಾರದು, ಮನೆಗೆ ಒಳ್ಳೆಯದಲ್ಲ ಎಂದು ಎರಡೆರಡು ಸಲ ಹೇಳಿದಳು.

ಬಸ್‌ಸ್ಟಾಪಿನಲ್ಲಿ ಎದುರುಮನೆ ತಿಮ್ಮಮ್ಮ ಸಿಕ್ಕಿದರು. ಟವಲಿನ ಮೂಲೆ ಎತ್ತಿ ನೋಡಿ, ಹಳೇ ಪಟ ಗಾಜಿಗೆ ಅಂಟಿಕೊಂಡಿರುತ್ತದೆ, ಬಿಸಿನೀರಿನ ಹಬೆ ತೋರಿಸಿದರೆ ಬಿಟ್ಟುಕೊಳ್ಳುತ್ತದೆ ಎಂದು ಸಲಹೆ ಕೊಟ್ಟರು. ಹಾಗೆ ಹಬೆ ತೋರಿಸಿದ ಮೇಲೆ ಅವರ ತಂಗಿಯ ಮಾವನ ಪಟದಲ್ಲಿ ಪೇಟ ಮಾತ್ರ ಉಳಿದದ್ದು ಊರಿಗೆಲ್ಲ ಗೊತ್ತಿತ್ತು. ಮಹೇಂದ್ರ ಪಟವನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡ.

ಬಸ್ಸು ತುಂಬಿ ತುಳುಕುತ್ತಿತ್ತು. ಮೊದಲನೇ ಹಂಪ್‌ಗೇ ಟವಲು ಜಾರಿ, ಹಣೆಗೆ ಕುಂಕುಮ ಹಚ್ಚಿದ ಚಲುವಯ್ಯನವರು ಎಲ್ಲರಿಗೂ ದರ್ಶನ ಕೊಟ್ಟರು. ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟು, ಯಾವಾಗ ಹೋದದ್ದು ಎಂದು ಮೆಲ್ಲಗೆ ಕೇಳಿದರು. ಇಪ್ಪತ್ತು ವರ್ಷ ಆಯಿತು ಎಂದ ಮಹೇಂದ್ರ. ಇಷ್ಟು ವರ್ಷವಾದರೂ ಅಪ್ಪನನ್ನು ತೊಡೆ ಮೇಲೆ ಕೂರಿಸಿಕೊಂಡು ತಿರುಗುವ ಇಂಥ ಮಗ ಎಲ್ಲಿ ಸಿಗುತ್ತಾನೆ ಎಂದು ಆಕೆ ಕಣ್ಣೊರೆಸಿಕೊಂಡರು. ಸೀಟು ಸಿಕ್ಕಿತಲ್ಲ ಎಂದು ಮಹೇಂದ್ರನೂ ಸುಮ್ಮನಾದ.

ಹುಣಸೂರಿನಲ್ಲಿ ಹಳೇ ಪಟದ ಕೆಲಸ ಅಂದರೆ ಶಶಿಕುಮಾರನ ಅಂಗಡಿ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವನು ಸ್ಕ್ಯಾನರಿನ ಮುಚ್ಚಳ ಎತ್ತಿ, ಪಟ ಬೋರಲು ಹಾಕಿ ಅಂದ. ಮಹೇಂದ್ರ ಆಗುವುದಿಲ್ಲ ಅಂದ. ಬೋರಲು ಹಾಕದೆ ಸ್ಕ್ಯಾನ್ ಆಗುವುದಿಲ್ಲ ಅಂತ ಅವನು, ಬೋರಲು ಹಾಕಿದರೆ ಹೆಂಡತಿ ಮನೆ ಸೇರಿಸುವುದಿಲ್ಲ ಅಂತ ಇವನು. ಕೊನೆಗೆ, ಕಟ್ಟು ಬಿಚ್ಚದೆ ಹೊರಗಿನ ನೆರಳಲ್ಲಿ ಗಾಜಿನ ಮೇಲಿಂದಲೇ ಫೋಟೋ ತೆಗೆಯುವುದೆಂದು ಒಪ್ಪಂದವಾಯಿತು.

ಅಂಗಡಿ ಮುಂದಿನ ಹೊಂಗೆಮರದಡಿ ಸ್ಟೂಲು ಹಾಕಿ, ಪಟವನ್ನು ನೆಟ್ಟಗೆ ನಿಲ್ಲಿಸಿದರು. ಗಾಜಿನಲ್ಲಿ ಬೀದಿಯೆಲ್ಲ ಕಾಣುತ್ತಿತ್ತು. ಅದನ್ನು ಮರೆಮಾಡಲು ಶಶಿಕುಮಾರ ತೂತು ಮಾಡಿದ ಕರೀ ಬಟ್ಟೆಯನ್ನು ಕ್ಯಾಮೆರಾಕ್ಕೆ ಹೊದಿಸಿ, ಮಹೇಂದ್ರನ ಕೈಗೆ ಕರೀ ಛತ್ರಿ ಕೊಟ್ಟು ಅಲುಗಾಡಬೇಡಿ ಅಂದ. ಪಟ, ಕರೀ ಬಟ್ಟೆ, ಛತ್ರಿ ಹಿಡಿದು ತಲೆತಗ್ಗಿಸಿ ನಿಂತ ಮಗ. ಹೋಗುವವರಿಗೆ ಇನ್ನೇನು ಬೇಕು? ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಹೂವಿನವಳು ಒಂದು ಮೊಳ ಸೇವಂತಿಗೆ ತಂದು ಹಾಕಿಯೇಬಿಟ್ಟಳು. ಅಷ್ಟರಲ್ಲಿ ಮಹೇಂದ್ರನ ಊರಿನವರೇ ಆದ ಬಸವಪ್ರಸಾದ್ ಮೇಷ್ಟ್ರು ಆ ದಾರಿಯಲ್ಲಿ ಬಂದು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ‘ಹುಣಸೂರಿನಲ್ಲಿ ಚಲುವಯ್ಯನವರಿಗೆ ಸಾರ್ವಜನಿಕ ಶ್ರದ್ಧಾಂಜಲಿ’ ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಶರತ್ ಇದ್ದ.

ಕಾಪಿ ಮಾತ್ರ ಬಹಳ ಚೆನ್ನಾಗಿ ಬಂತು. ಇನ್ನು ಉಳಿದದ್ದು ಕಟ್ಟುಗಳ ಅದಲುಬದಲು. ಮಹೇಂದ್ರ ಪಟವನ್ನು ಎಳೆಮಗುವಿನಂತೆ ನೆಟ್ಟಗೆ ಹಿಡಿದುಕೊಂಡ, ಶಶಿಕುಮಾರ ಹಿಂದಿನಿಂದ ಮೊಳೆ ಕಿತ್ತ. ಗಾಜಿಗೆ ಅಂಟಿರಬೇಕಾದ ಫೋಟೋ ಸರಕ್ಕನೆ ಈಚೆ ಬಂತು. ಅದರ ಬೆನ್ನ ಮೇಲೆ ಅದೇ ಅಂಗಡಿಯ ಮೊಹರು, ಪಕ್ಕದಲ್ಲಿ ತಾರೀಖು. ಆರು ವರ್ಷದ ಹಿಂದಿನ ತಾರೀಖು.

“ಇದು ನಮ್ಮಲ್ಲೇ ಮಾಡ್ಸಿರೋ ಪ್ರಿಂಟು ಕಣ್ರೀ” ಎಂದ ಶಶಿಕುಮಾರ. “ಅವಾಗ ನಮ್ಮಣ್ಣ ಕೂರ್ತಿದ್ದ. ಯಾರ್ ಬಂದಿದ್ರೋ ನಂಗೊತ್ತಿಲ್ಲ.”

ಮಹೇಂದ್ರ ಅಪ್ಪನ ಎಡಗಿವಿಯ ಮೇಲಿದ್ದ ತೇವದ ಕಲೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಕಲೆಯೂ ಪ್ರಿಂಟೇ. ಬೆಳಗಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಒಂದು ಕಾಪಿಯನ್ನು. ಈಗ ಕೈಯಲ್ಲಿದ್ದದ್ದು ಕಾಪಿಯ ಕಾಪಿ. ಶರತ್‌ನದೇ ಕೆಲಸ ಎಂದು ತೀರ್ಮಾನಿಸಿ, ಹಲ್ಲು ಕಡಿಯುತ್ತ ಬಸ್ಸು ಹತ್ತಿದ.

ಶರತ್ ಮೊಬೈಲ್ ಹಿಡಿದು ಜಗಲಿಯ ಮೇಲೇ ಕಾಯುತ್ತಿದ್ದ. ಇಬ್ಬರೂ ಒಟ್ಟಿಗೇ ಬಾಯಿ ಮಾಡಿದರು. ಅಪ್ಪನನ್ನು ಕದ್ದವನು ನೀನು ಅಂತ ಇವನು, ಬೀದಿಯಲ್ಲಿ ನಿಲ್ಲಿಸಿದವನು ನೀನು ಅಂತ ಅವನು. ಮಹೇಂದ್ರ ಮೊಹರು ತೋರಿಸಿದಾಗ ಶರತ್‌ನ ದನಿ ಇಳಿಯಿತು. ಹೋದ ವರ್ಷ ತನ್ನ ಪಾಳಿ ಮುಗಿಯುವಾಗ ತಾನೂ ಕಾಪಿ ತೆಗೆಸೋಣವೆಂದು ಕಟ್ಟು ಬಿಚ್ಚಿದ್ದನಂತೆ. ಮೊಹರು ನೋಡಿ, ಅಣ್ಣ ಮೊದಲೇ ಬದಲಾಯಿಸಿದ್ದಾನೆ ಅಂದುಕೊಂಡನಂತೆ. ಕೇಳಿದರೆ ನೀನ್ಯಾಕೆ ಬಿಚ್ಚಿದೆ ಅನ್ನುತ್ತಾನೆಂದು ಬಾಯಿಮುಚ್ಚಿಕೊಂಡಿದ್ದ. ಇಬ್ಬರೂ ಅಲ್ಲದಿದ್ದರೆ ಇನ್ಯಾರು? ಅಣ್ಣತಮ್ಮಂದಿರು ಆರು ವರ್ಷಗಳಲ್ಲಿ ಮೊದಲ ಸಲ ಒಂದೇ ಕಡೆಗೆ ತಿರುಗಿ ನೋಡಿದರು.

ಅಲ್ಲಿ, ಜಗಲಿಯ ಮೂಲೆಯಲ್ಲಿ, ಅವರವ್ವ ವಿಮಲಮ್ಮ ಮೊರದಲ್ಲಿ ಹಬ್ಬದ ಅಕ್ಕಿ ಆರಿಸುತ್ತಿದ್ದರು.

“ಕಿತ್ತಾಡ್ತೀರಿ ಅಂತ ಗೊತ್ತಿತ್ತು ಕಣ್ರಲಾ” ಎಂದರು, ತಲೆ ಎತ್ತದೆ. “ಅದ್ಕೇ ಭಾಗ ಆಗೋ ವಾರನೇ ಕಾಪಿ ಮಾಡ್ಸಿ ಆ ಕಟ್ಟಿಗೆ ಹಾಕ್ಸಿದ್ದೆ. ಅಸ್ಲು ಶಾಂತಲನ ತಾವ ಅದೆ.”

ಶಾಂತಲಾ ಈ ಇಬ್ಬರ ಅಕ್ಕ, ಕೆ.ಆರ್. ನಗರಕ್ಕೆ ಕೊಟ್ಟಿದ್ದ ಹೆಣ್ಣುಮಗಳು. ಇಷ್ಟು ಹೊತ್ತು ಈ ಕತೆಯಲ್ಲಿ ಆಕೆಯ ಹೆಸರೇ ಬರಲಿಲ್ಲ. ಮಹೇಂದ್ರನ ತಲೆಗೆ ಬಂದಿದ್ದರೆ ತಾನೆ ಇಲ್ಲಿ ಬರುವುದು?

“ಜಮೀನು ಬ್ಯಾಡ ಅಂತ ನೀವ್ ತೋರ್ಸಿದ್ ಕಡೆ ಸೈನ್ ಹಾಕ್ಬುಟ್ಲು. ಒಂದ್ ಗುಂಟೆ ಕೇಳ್ನಿಲ್ಲ. ಅಪ್ಪನ ಪಟ ಕೊಡವ್ವ ಅಂದ್ಲು, ಕೊಟ್ಟೆ” ಎಂದು ವಿಮಲಮ್ಮ ಒಂದು ಕಲ್ಲನ್ನು ಆರಿಸಿ ಆಚೆ ಎಸೆದರು.

ಮಹೇಂದ್ರನಿಗೆ ಬಹಳ ನಾಚಿಕೆಯಾಯಿತು. ಆದರೂ ಹಬ್ಬ ನಾಳೆಯೇ, ಅಸಲು ಅಪ್ಪನನ್ನು ಒಮ್ಮೆ ನೋಡುವ ಆಸೆ ಬಿಡಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ನಾಳೆ ಒಂದು ದಿನದ ಮಟ್ಟಿಗೆ ಪಟ ತರುತ್ತೀಯಾ, ಇಲ್ಲಿ ಇಟ್ಟುಹೋಗು, ಮಾರನೇ ದಿನ ನಾನೇ ತಂದುಕೊಡುತ್ತೇನೆ ಎಂದು ಕೇಳಿದ.

ಶಾಂತಲಾ ಅವನ ಮಾತು ಮುಗಿಯುವವರೆಗೂ ಸಮಾಧಾನದಿಂದ ಕೇಳಿದಳು. ಅವಳ ಫೋನಿಗೂ ಮೇಷ್ಟ್ರ ಚಿತ್ರ ಹೋಗಿತ್ತು, ಅದರಲ್ಲಿ ಪಟದೆದುರಿನ ಕ್ಯಾಮೆರಾವೂ ಕಾಣುತ್ತಿತ್ತು.

“ತತ್ತೀನಿ ಬುಡಪ್ಪ. ಆದ್ರೆ ಎಡೆ ಮುಗಿಯೋಗಂಟ ಅದು ನನ್ ತೊಡೆ ಮೇಲೇ ಇರ್ತದೆ, ನೀವಿಬ್ರೂ ದೂರದಲ್ಲೇ ನಿಂತು ಕೈಮುಗೀರಿ. ನಿಮ್ ಕೈಗೆ ಕೊಟ್ರೆ ಮಾರ್ನೇ ದಿನ ಯಾವ ಅಪ್ಪನ್ನ ವಾಪಸ್ ಕೊಡ್ತೀರೋ, ಯಾರಿಗ್ಗೊತ್ತು?”

ಆಗಲಕ್ಕ ಎಂದ ಮಹೇಂದ್ರ.